ಎಡ ನಳಿಕೆಯ ತೋಟಾ

ಬಂದೂಕನ್ನು ಮಡಿಸಿ ನೋಡಿದಾಗ ಬಲ ನಳಿಕೆ ಖಾಲಿಯಿತ್ತು. ಎಡ ನಳಿಕೆಯಲ್ಲಿ ತೋಟಾ ಇತ್ತು.

ಮೇಷ್ಟ್ರ ಹೆಂಡತಿ ಮೊದಲು ತನ್ನ ಕಣ್ಣನ್ನೇ ನಂಬಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಬೆಳಕು ಕಡಿಮೆ. ಬಂದೂಕಿನ ಮೂತಿಯನ್ನು ನೆಲದ ಕಡೆಗೇ ಇಟ್ಟುಕೊಂಡು ಬಾಗಿಲ ತನಕ ಬಂದು ಇನ್ನೊಮ್ಮೆ ನೋಡಿದಳು. ಹಿತ್ತಾಳೆಯ ದುಂಡು ಬುಡ, ಅದರ ನಟ್ಟನಡುವೆ ಒಂದು ಬೊಟ್ಟು. ಎಂದೋ ಹಾರಿಸಿದ ತೋಟಾದ ಖಾಲಿ ಕೋಶ ಒಳಗೇ ಉಳಿದಿರಬೇಕು ಎಂದುಕೊಂಡು ಉಗುರಿನಿಂದ ಎಬ್ಬಿಸಿ ಎಳೆದಳು. ಖಾಲಿಯಲ್ಲ. ತುದಿ ಮಡಚಿದ ಕೆಂಪು ತೋಟಾ, ತುಂಬಿದ್ದು, ಅಂಗೈಯಲ್ಲಿ ಭಾರವಾಗಿ ಕೂತಿತು.

ಆಕೆ ಕೋಟುಗಳು, ಕೊಡೆಗಳು, ಇಸ್ತ್ರಿ ಹಲಗೆಯ ನಡುವೆ ನೆಲದ ಮೇಲೆಯೇ ಕುಳಿತಳು.

ಮೇಷ್ಟ್ರು ತೀರಿಕೊಂಡು ಮೂರು ವಾರವಾಗಿತ್ತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೆ. ಹಾರುವ ಮಣ್ಣಿನ ತಟ್ಟೆಗಳಿಗೆ ಗುರಿ ಹೊಡೆಯುವ ಕ್ಲಬ್ಬಿನಲ್ಲಿ ಅವರು ಮೂವತ್ತಾರು ವರ್ಷ ಪಾಠ ಹೇಳಿದವರು. ಊರಿನಲ್ಲಿ ಯಾರಿಗೆ ಬಂದೂಕಿನ ಪರವಾನಗಿ ಬೇಕಿದ್ದರೂ ಮೊದಲು ಮೇಷ್ಟ್ರ ಮುಂದೆ ಕೂತು, ಬೈಸಿಕೊಂಡು, ಅವರ ಸಹಿ ಪಡೆಯಬೇಕಿತ್ತು. ಆ ಬಂದೂಕನ್ನು ಕ್ಲಬ್ಬಿನ ಗೋಡೆಯ ಮೇಲೆ ಅವರ ಫೋಟೊದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಡುತ್ತೇವೆ, ಕಾಗದಪತ್ರವೆಲ್ಲ ಮಾಡಿಸಿದ್ದೇವೆ, ನಾಲ್ಕು ಗಂಟೆಗೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಬೆಳಿಗ್ಗೆ ಫೋನ್ ಮಾಡಿದ್ದರು. ಆಕೆ ಗಂಡನ ಬೀಗದ ಕೈ ಗೊಂಚಲು ಹಿಡಿದು ಕಬ್ಬಿಣದ ಬೀರು ತೆರೆದರೆ ಒಳಗೆ ಒರೆಸುವ ಸಲಾಕೆ, ಎಣ್ಣೆ ಡಬ್ಬಿ, ಚೌಕವಾಗಿ ಕತ್ತರಿಸಿಟ್ಟ ಹಳೆಯ ಬನಿಯನ್ ಬಟ್ಟೆಗಳು. ಬಂದೂಕು ಮಾತ್ರ ಇಲ್ಲ. ಮಂಚದ ಕೆಳಗೆ, ಅಟ್ಟದ ಮೇಲೆ, ಕೊನೆಗೆ ಹಿಟ್ಟಿನ ಡಬ್ಬಿಗಳ ಹಿಂದೆ ಕೂಡ ಹುಡುಕಿದ್ದಳು. ಸಿಕ್ಕಿದ್ದು ಮೆಟ್ಟಿಲ ಕೆಳಗೆ, ಮೇಷ್ಟ್ರ ಮಳೆಕೋಟಿನ ಹಿಂದೆ, ಗೋಡೆಗೆ ಒರಗಿಸಿಟ್ಟದ್ದು.

ಒಂದು ಕ್ಷಣ ಆಕೆಗೆ ಅಳು ಬರುತ್ತದೆ ಅನ್ನಿಸಿತು. ಬಂದದ್ದು ಸಿಟ್ಟು.

ಅದೂ ಎಂಥ ಸಿಟ್ಟು! ಬಂದೂಕು ಒಂದು ಕಡೆ ಬೀಗದಲ್ಲಿ, ತೋಟಾ ಇನ್ನೊಂದು ಕಡೆ ಬೇರೆ ಬೀಗದಲ್ಲಿ. ಯಾರೇ ಕೈಗೆ ಕೊಟ್ಟರೂ, ದೇವರೇ ಬಂದು ಕೊಟ್ಟರೂ, ಮೊದಲು ತೆರೆದು ನೋಡು. ನೋಡಿದ್ದು ಸಾಲದು, ಕಿರುಬೆರಳು ತೂರಿಸಿ ಮುಟ್ಟಿ ನೋಡು. ಹೊಡೆಯುವ ತನಕ ಟ್ರಿಗರಿನ ಹತ್ತಿರ ಬೆರಳು ಸುಳಿಯಕೂಡದು. ಮೂತಿ ಮನುಷ್ಯರ ಕಡೆ ತಿರುಗಕೂಡದು. ಮದುವೆಯಾದ ಮೊದಲ ತಿಂಗಳಲ್ಲೇ ಮೇಷ್ಟ್ರು ಇಷ್ಟನ್ನೂ ಆಕೆಗೆ ಬಾಯಿಪಾಠ ಮಾಡಿಸಿದ್ದರು. "ಬಂದೂಕಿರೋ ಮನೇಲಿ ಬಾಳೋಳಿಗೆ ಅದನ್ನ ತೆರೆಯೋಕೆ ಬರಲೇಬೇಕು" ಅಂದಿದ್ದರು. ಗಂಡನ ಜೊತೆ ಒಂದು ಸಿನಿಮಾ ನೋಡುವ ಮೊದಲೇ ಆಕೆ ಬಂದೂಕಿನ ನಳಿಕೆಯೊಳಗೆ ನೋಡಿಯಾಗಿತ್ತು.

ಆಕೆಯ ಸ್ವಂತ ತಮ್ಮ ಒಂದು ಸಲ ಇದೇ ಮನೆಯಲ್ಲಿ, ಊಟಕ್ಕೆ ಕೂರುವ ಮುಂಚೆ, ಒರೆಸಲು ಮೇಜಿನ ಮೇಲಿಟ್ಟಿದ್ದ ಖಾಲಿ ಬಂದೂಕನ್ನು ಎತ್ತಿಕೊಂಡು "ಭಾವ, ಹ್ಯಾಂಡ್ಸಪ್!" ಎಂದು ತಮಾಷೆ ಮಾಡಿದ್ದ. ಮೇಷ್ಟ್ರು ಅವನ ಕೈಯಿಂದ ಅದನ್ನು ಕಿತ್ತು, ಬಡಿಸಿದ ತಟ್ಟೆ ಮುಂದಿರುವಾಗಲೇ ಅವನನ್ನು ಬಾಗಿಲಾಚೆ ಹಾಕಿದ್ದರು. ಹನ್ನೊಂದು ವರ್ಷವಾಯಿತು, ತಮ್ಮ ಈ ಹೊಸ್ತಿಲು ತುಳಿದಿಲ್ಲ. ಮೇಷ್ಟ್ರು ಸತ್ತಾಗಲೂ ಹೊರಗೆ ರಸ್ತೆಯಲ್ಲೇ ನಿಂತು ಹೋಗಿದ್ದ. ಇಷ್ಟು ವರ್ಷವೂ ಆಕೆ ಗಂಡನ ಪರವಾಗಿಯೇ ವಾದಿಸಿದ್ದಳು. ನಿಯಮ ಅಂದರೆ ನಿಯಮ ಎಂದು ತಾಯಿಯ ಎದುರು, ತಮ್ಮನ ಹೆಂಡತಿಯ ಎದುರು ಹೇಳಿ ಹೇಳಿ ನಾಲಿಗೆ ಸವೆಸಿದ್ದಳು.

ಮೂರೂವರೆಗೆ ಶಾಲೆಯಿಂದ ಮೊಮ್ಮಗಳು ಬಂದಳು. ಏಳು ವರ್ಷದ ಪುಟ್ಟಿ. ಮಗಳ ಆಫೀಸು ಬಿಡುವ ತನಕ ದಿನವೂ ಅವಳು ಅಜ್ಜಿ ಮನೆಯಲ್ಲೇ. ಆಕೆ ಅಷ್ಟರಲ್ಲಿ ಬಂದೂಕನ್ನು ಬೀರುವಿಗೆ ಹಾಕಿ, ತೋಟಾವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡಿದ್ದಳು. ಚೀಲ ಬಿಸಾಡಿದ ಪುಟ್ಟಿ ಮೆಟ್ಟಿಲ ಕೆಳಗಿನ ಬಾಗಿಲು ತೆರೆದಿದ್ದನ್ನು ಕಂಡು ಇಣುಕಿದಳು.

"ಅಜ್ಜಿ, ತಾತನ ಕೋಲೆಲ್ಲಿ?"

"ಯಾವ ಕೋಲು?"

"ಅದೇ, ಕಬ್ಬಿಣದ್ದು. ಭಾರ ಇದ್ಯಲ್ಲ, ಅದು. ನಾನು ಬಚ್ಚಿಟ್ಕೊಳ್ಳೋವಾಗ ಅದನ್ನ ಆ ಕಡೆ ಸರಿಸ್ಬೇಕು. ಇಲ್ದಿದ್ರೆ ಬೆನ್ನಿಗೆ ಚುಚ್ಚತ್ತೆ."

"ಎಷ್ಟು ದಿನದಿಂದ ಸರಿಸ್ತಿದ್ದೀಯ?"

"ರಜದಿಂದ," ಅಂದಳು ಪುಟ್ಟಿ, ಆಮೇಲೆ ಹಾಲು ಬೇಡ ಬಿಸ್ಕತ್ತು ಮಾತ್ರ ಸಾಕು ಅಂದಳು.

ರಜೆ ಮುಗಿದು ಐದು ತಿಂಗಳಾಗಿತ್ತು.

ಕಾರ್ಯದರ್ಶಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಹಲ್ಲಿನ ಡಾಕ್ಟರು, ಸೌಮ್ಯ ಮನುಷ್ಯ. ಹಲ್ಲು ಕೀಳುವ ಮುಂಚೆ ರೋಗಿಗಿಂತ ತಾವೇ ಹೆಚ್ಚು ಹೆದರುತ್ತಾರೆ ಎಂದು ಮೇಷ್ಟ್ರು ನಗುತ್ತಿದ್ದರು. ಮೇಷ್ಟ್ರನ್ನು ಅಣ್ಣ ಎಂದು, ಆಕೆಯನ್ನು ಅತ್ತಿಗೆ ಎಂದು ಕರೆಯುತ್ತ ಇಪ್ಪತ್ತು ವರ್ಷ ಈ ಮನೆಯ ಕಾಫಿ ಕುಡಿದವರು. ಉದ್ದನೆಯ ಚರ್ಮದ ಚೀಲವನ್ನು ಮೊಣಕಾಲಿಗೆ ಒರಗಿಸಿಕೊಂಡು ಕೂತರು. ಪುಟ್ಟಿಯನ್ನು ಪಕ್ಕದ ಮನೆಗೆ ಕಳಿಸಿ ಆಕೆ ಸೆರಗಿನ ಗಂಟು ಬಿಚ್ಚಿ ತೋಟಾವನ್ನು ಮೇಜಿನ ಮೇಲೆ ನಿಲ್ಲಿಸಿದಳು.

"ಎಡ ನಳಿಕೆಯಲ್ಲಿತ್ತು. ಮೆಟ್ಟಿಲ ಕೆಳಗೆ ಕೋಟಿನ ಹಿಂದೆ."

ಡಾಕ್ಟರ ಕೈ ಹಣೆಗೆ ಹೋಯಿತು. "ಅಯ್ಯೋ, ಮತ್ತೆನಾ!"

ಹೊರಗೆ ಯಾರದೋ ಸ್ಕೂಟರು ನಿಂತು ಮತ್ತೆ ಹೊರಟಿತು. ಆಕೆ ತೋಟಾವನ್ನು ಡಾಕ್ಟರ ಕಡೆಗೆ ಸರಿಸಿದಳು.

"ಮತ್ತೆ ಅಂದ್ರೆ?"

"ಅದು... ಅತ್ತಿಗೆ, ಹಾಗಲ್ಲ..."

"ಹೇಗೆ ಮತ್ತೆ? ಮತ್ತೆ ಅಂದ್ರೆ ಮೊದಲೊಂದು ಸಲ ಆಗಿರಬೇಕಲ್ಲ?"

ಡಾಕ್ಟರು ಕಾಫಿ ಲೋಟವನ್ನು ಎತ್ತಿದರು, ಕುಡಿಯದೆ ಕೆಳಗಿಟ್ಟರು. ಸಂಗತಿಗಳು ಒಂದೊಂದಾಗಿ ಹೊರಬಂದವು. ಹೋದ ವರ್ಷ ಮೇಷ್ಟ್ರು ಕಾರಿನ ಹಿಂದಿನ ಸೀಟಿನಲ್ಲಿ ತುಂಬಿದ ಬಂದೂಕು ಇಟ್ಟುಕೊಂಡು ಕ್ಲಬ್ಬಿಗೆ ಬಂದಿದ್ದರು. ಡಾಕ್ಟರೇ ತೆಗೆದು ಖಾಲಿ ಮಾಡಿದ್ದರು. ಆಮೇಲೊಂದು ಭಾನುವಾರ, ಹೊಸ ವಿದ್ಯಾರ್ಥಿಗಳ ಎದುರು ಪಾಠ ಹೇಳುತ್ತ ಹೇಳುತ್ತ ಬಂದೂಕನ್ನು ತಿರುಗಿಸಿದಾಗ ಗುಂಡು ಹಾರಿತು. ಪುಣ್ಯಕ್ಕೆ ಮೂತಿ ಮೇಲಿತ್ತು. ತಗಡಿನ ಮಾಡಿಗೆ ತೂತು ಬಿತ್ತು. ಬೆಪ್ಪಾಗಿ ನಿಂತ ವಿದ್ಯಾರ್ಥಿಗಳಿಗೆ, ಜಾಗ್ರತೆ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಮೇಷ್ಟ್ರು ಬೇಕೆಂದೇ ಹಾಗೆ ಮಾಡಿದರು ಎಂದು ಡಾಕ್ಟರೇ ಹೇಳಿದ್ದರು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರಂತೆ.

"ಚಪ್ಪಾಳೆ," ಅಂದಳು ಆಕೆ.

"ಅವತ್ತಿಂದ ನಾವು ನಾಲ್ಕು ಜನ ಕೂತು ಮಾತಾಡಿ ಪಾಠ ನಿಲ್ಲಿಸಿದ್ವಿ. ಮಂಡಿ ನೋವು, ವಿಶ್ರಾಂತಿ ತಗೊಳ್ಳಿ ಅಂತ ಹೇಳಿ ಗೌರವವಾಗೇ..."

"ಬಂದೂಕು?"

"ಏನು?"

"ಪಾಠ ನಿಲ್ಸಿದ್ರಿ. ಬಂದೂಕನ್ನ ಏನು ಮಾಡಿದ್ರಿ?"

ಡಾಕ್ಟರು ಚೀಲದ ಪಟ್ಟಿಯನ್ನು ಸುತ್ತಿದರು, ಬಿಚ್ಚಿದರು. "ಒರೆಸಿ, ಖಾಲಿ ಇದೆ ಅಂತ ನೋಡಿ, ಅವರ ಕೈಗೇ ಕೊಟ್ಟು ಕಳಿಸಿದ್ವಿ. ಇನ್ನೇನು ಮಾಡೋದು ಅತ್ತಿಗೆ? ಅವರು ನಮಗೆ ಗುರುಗಳು. ಅಣ್ಣ, ನಿಮಗೆ ಮರೆವು ಬಂದಿದೆ ಅಂತ ಯಾವ ಬಾಯಲ್ಲಿ ಹೇಳಲಿ?"

"ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ, ಸರಿ. ನನಗೆ ಹೇಳೋಕೆ ಏನಾಗಿತ್ತು ರೋಗ?" ಆಕೆಯ ದನಿ ಏರಿತು. ಜೀವಮಾನದಲ್ಲಿ ಡಾಕ್ಟರ ಮೇಲೆ ದನಿ ಏರಿಸಿದವಳಲ್ಲ. "ನನ್ನ ಕೈಯಿಂದ್ಲೇ ಕಾಫಿ ಇಸ್ಕೊಂಡು ಕುಡೀತಿದ್ರಲ್ಲ, ಎದುರಿಗೇ ಕೂತು! ಆಗ ಆ ಮಗು ಇಲ್ಲೇ ಚಿತ್ರ ಬರೀತಾ ಕೂತಿರ್ತಿತ್ತು. ಅವಳನ್ನ ನೋಡಿ ಚಂದ ಬರೀತಾಳೆ ಅಂದ್ರಿ. ಮೆಟ್ಟಿಲ ಕೆಳಗೆ ಅವಳ ಬೆನ್ನಿಗೆ ತುಂಬಿದ ಬಂದೂಕು ಚುಚ್ಚುತ್ತಿತ್ತು, ಗೊತ್ತಾ ನಿಮಗೆ? ನಾನು ಮೂವತ್ತೊಂದು ವರ್ಷ ಆಸ್ಪತ್ರೆ ಕಿಟಕೀಲಿ ಕೂತು ಮಾತ್ರೆ ಕೊಟ್ಟೋಳು. ಒಂದು ಮಾತ್ರೆ ಹೆಚ್ಚು ಕಮ್ಮಿ ಆದ್ರೆ ಓಡಿಹೋಗಿ ರಸ್ತೇಲಿ ನಿಲ್ಸಿ ವಾಪಸ್ ಇಸ್ಕೊಂಡಿದ್ದೀನಿ, ಗೌರವ ಅಂತ ಸುಮ್ನೆ ಕೂತಿಲ್ಲ."

"ತಪ್ಪಾಯ್ತು ಅತ್ತಿಗೆ."

"ಚೀಲ ತಗೊಂಡು ಹೋಗಿ. ಬಂದೂಕು ಇವತ್ತು ಕೊಡಲ್ಲ."

ಡಾಕ್ಟರು ಹೋದ ಮೇಲೆ ಆಕೆ ಎರಡೂ ಕಾಫಿ ಲೋಟಗಳನ್ನು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು. ಡಾಕ್ಟರ ಮೇಲಿನ ಸಿಟ್ಟಿನ ತಳದಲ್ಲಿ ಇನ್ನೊಂದಿತ್ತು. ಅದನ್ನು ಆಕೆ ಮುಟ್ಟಲು ಹೋಗಿರಲಿಲ್ಲ. ಮೇಷ್ಟ್ರು ಮಾತಿನ ನಡುವೆ ನಿಂತುಬಿಟ್ಟಾಗ ಮುಂದಿನ ಪದವನ್ನು ಎತ್ತಿಕೊಡುತ್ತಿದ್ದವಳು ಯಾರು? ಹಾಲಿನವನಿಗೆ ಎರಡೆರಡು ಸಲ ಬೈದಾಗ "ಅವರಿಗೆ ನಿದ್ದೆ ಸರಿಯಾಗಿಲ್ಲ" ಅಂದವಳು ಯಾರು? ಒಂದು ಸಂಜೆ ತನ್ನನ್ನೇ ಅಕ್ಕ ಎಂದು ಕರೆದಾಗ ನಕ್ಕು, ಮಗಳಿಗೆ ಹೇಳದೆ, ಬಾಯಿಗೆ ಬೀಗ ಹಾಕಿಕೊಂಡವಳು? ಡಾಕ್ಟರ ಬಳಿ ತುಂಬಿದ ಬಂದೂಕಿನ ಸುದ್ದಿಯಿತ್ತು, ತನ್ನ ಬಳಿ ಮರೆವಿನ ಸುದ್ದಿಯಿತ್ತು. ಇಬ್ಬರೂ ಎದುರುಬದುರು ಕೂತು ಸಕ್ಕರೆ ಸಾಕಾ ಎಂದು ಕೇಳಿಕೊಂಡಿದ್ದರು.

ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದಳು. ಮಗಳು ಮೊದಲು, "ಹೋಗ್ಲಿ ಬಿಡಮ್ಮ, ಅಪ್ಪನೇ ಇಲ್ಲ ಈಗ. ಯಾರ ಮುಂದೇನೂ ಹೇಳೋದು ಬೇಡ" ಅಂದಳು. ಆಮೇಲೆ ಪುಟ್ಟಿ ಬಚ್ಚಿಟ್ಟುಕೊಳ್ಳುತ್ತಿದ್ದ ಜಾಗದ ಮಾತು ಬಂತು. ಮಗಳು ಎದ್ದುಹೋಗಿ ಮೆಟ್ಟಿಲ ಕೆಳಗಿನ ಬಾಗಿಲು ತೆರೆದು, ಒಳಗೆ ಹೋಗಿ, ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವಳೇ ಮಲಗಿದ್ದ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತ, "ನಾಳೆಯಿಂದ ಇವಳನ್ನ ಆಫೀಸಿನ ಹತ್ರಾನೇ ಎಲ್ಲಾದ್ರೂ ಬಿಡ್ತೀನಿ" ಎಂದಷ್ಟೇ ಹೇಳಿದಳು. ಆಕೆ ತಡೆಯಲಿಲ್ಲ. ಯಾವ ಮುಖವಿಟ್ಟುಕೊಂಡು ತಡೆಯುವುದು?

ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಮೇಷ್ಟ್ರ ನೆನಪಿನ ಸಭೆ. ನೂರು ಕುರ್ಚಿ ಹಾಕಿದ್ದರು, ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಫೋಟೊದಲ್ಲಿ ಮೇಷ್ಟ್ರು ಬಂದೂಕನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು, ನಗಬೇಕೋ ಬೇಡವೋ ಎಂಬಂತೆ ನಿಂತಿದ್ದರು. ಅದರ ಕೆಳಗಿನ ಗಾಜಿನ ಪೆಟ್ಟಿಗೆ ಖಾಲಿಯಿತ್ತು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಅವರ ಬೈಗುಳವೇ ನಮಗೆ ಆಶೀರ್ವಾದ ಎಂದರು ಒಬ್ಬರು. ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಸಲವೂ ಎಚ್ಚರ ತಪ್ಪದ ಮನುಷ್ಯ ಎಂದರು ಇನ್ನೊಬ್ಬರು. ಎಲ್ಲರೂ ತಲೆದೂಗಿದರು. ಮೊದಲ ಸಾಲಿನಲ್ಲಿ ಕೂತ ಆಕೆಯ ಕಿವಿ ಕಾದು ಕೆಂಪಾಯಿತು. ಆ ಮಾತಾಡಿದವರು ಡಾಕ್ಟರ ಜೊತೆ ಕೂತು ಪಾಠ ನಿಲ್ಲಿಸಿದ ನಾಲ್ವರಲ್ಲಿ ಒಬ್ಬರು.

ಕೊನೆಗೆ ಆಕೆಯನ್ನು ಎರಡು ಮಾತಾಡಿ ಎಂದು ಕರೆದರು. ಎರಡು ಮಾತು ಎಂದರೆ ಧನ್ಯವಾದ, ಒಂದಿಷ್ಟು ಕಣ್ಣೀರು.

"ನನಗೆ ಸಭೇಲಿ ಮಾತಾಡಿ ಅಭ್ಯಾಸ ಇಲ್ಲ," ಎಂದು ಶುರು ಮಾಡಿದಳು. "ಊಟ ಆದ್ಮೇಲೆ ಒಂದು, ಮಲಗೋವಾಗ ಒಂದು ಅಂತ ಹೇಳಿ ಅಷ್ಟೇ ಅಭ್ಯಾಸ." ಜನ ಮೆಲ್ಲನೆ ನಕ್ಕರು. "ನಮ್ಮ ಯಜಮಾನರು ಎಚ್ಚರ ತಪ್ಪಿರಲಿಲ್ಲ ಅಂದ್ರಿ. ತಪ್ಪಿತ್ತು. ಅವರು ಹೋದ ಮೇಲೆ ಬಂದೂಕು ನನಗೆ ಸಿಕ್ಕಿದ್ದು ಬೀರುವಿನಲ್ಲಲ್ಲ, ಮೆಟ್ಟಿಲ ಕೆಳಗೆ. ಅದರೊಳಗೆ ತೋಟಾ ಇತ್ತು. ನಮ್ಮ ಮೊಮ್ಮಗಳು ಐದು ತಿಂಗಳು ಅದನ್ನ ಸರಿಸಿ ಸರಿಸಿ ಅದರ ಪಕ್ಕದಲ್ಲಿ ಬಚ್ಚಿಟ್ಕೊಂಡು ಆಡಿದಾಳೆ."

ನಗು ನಿಂತಿತ್ತು.

"ಅವರಿಗೆ ಮರೆವು ಬಂದಿತ್ತು. ಅದು ಅವರ ತಪ್ಪಲ್ಲ. ನನಗೆ ಸ್ವಲ್ಪ ಗೊತ್ತಿತ್ತು, ಮುಚ್ಚಿಟ್ಟೆ. ಅದು ನನ್ನ ತಪ್ಪು. ಈ ಕ್ಲಬ್ಬಿನಲ್ಲಿ ನಾಲ್ಕು ಜನಕ್ಕೆ ಇನ್ನೂ ಹೆಚ್ಚು ಗೊತ್ತಿತ್ತು. ಅವರೂ ಮುಚ್ಚಿಟ್ಟು, ಗೌರವ ಅಂತ ಅದಕ್ಕೆ ಹೆಸರಿಟ್ರು."

ಹಿಂದಿನ ಸಾಲಿನಲ್ಲಿ ದಪ್ಪ ಮೀಸೆಯವರೊಬ್ಬರು ಎದ್ದು ನಿಂತರು. "ಏನಮ್ಮ ಇದು? ಸತ್ತ ಮನುಷ್ಯನ ಮಾನ ಹೀಗಾ ಕಳೆಯೋದು? ಅದೂ ಹೆಂಡತಿಯಾಗಿ! ಇದಕ್ಕೆ ಸಾಕ್ಷಿ ಏನಿದೆ?"

ಆಕೆ ಡಾಕ್ಟರ ಕಡೆ ನೋಡಿದಳು. ಡಾಕ್ಟರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಈ ಮನುಷ್ಯ ಏಳುವುದಿಲ್ಲ ಎಂದು ಆಕೆ ತೀರ್ಮಾನಿಸಿಯೇಬಿಟ್ಟಿದ್ದಳು. ಆದರೆ ಅವರು ಎದ್ದರು, ತಡವಾಗಿ, ಕುರ್ಚಿಯ ಬೆನ್ನು ಹಿಡಿದುಕೊಂಡು.

"ಅತ್ತಿಗೆ ಹೇಳಿದ್ದು ನಿಜ. ಅವರ ಕೈಲಿ ಗುಂಡು ಹಾರಿದ್ದು... ಅಲ್ಲಿ. ಮೂರನೇ ತೊಲೆ ಪಕ್ಕ. ಬಣ್ಣ ಬಳಿಸಿದ್ದು ನಾನೇ."

ನೂರು ತಲೆಗಳು ಮೇಲಕ್ಕೆ ತಿರುಗಿದವು. ತಗಡಿನ ಮಾಡಿನಲ್ಲಿ ಅಂಗೈಯಗಲದ ಒಂದು ತೇಪೆ, ಸುತ್ತಲಿಗಿಂತ ತುಸು ಹೊಳೆಯುವ ಹಸಿರು.

"ಮಾನ ಹೋಗ್ಲಿ," ಅಂದಳು ಆಕೆ, ಮೀಸೆಯವರ ಕಡೆ ತಿರುಗಿ. ಈಗ ದನಿ ಏರಿರಲಿಲ್ಲ. "ಮಾನ ಹೋದ್ರೆ ಯಾರೂ ಸಾಯಲ್ಲ. ಮನೆಗೆ ಹೋಗಿ ನಿಮ್ಮ ಬಂದೂಕು ತೆಗೀರಿ. ಹೆಂಡತೀನ ಕೂಗಿ. ಅವಳೆದುರು ತೆರೆದು ತೋರಿಸಿ. ಹೇಗೆ ತೆರೆಯೋದು ಅಂತ ಅವಳಿಗೂ ಹೇಳಿಕೊಡಿ. ನಮ್ಮ ಯಜಮಾನರು ನೆಟ್ಟಗಿದ್ದಾಗ ನನಗೆ ಹೇಳಿಕೊಟ್ಟಿದ್ರು. ಹಾಗಾಗೇ ಇವತ್ತು ನಾನಿಲ್ಲಿ ನಿಂತಿದ್ದೀನಿ."

ಚಪ್ಪಾಳೆ ಬೀಳಲಿಲ್ಲ. ಚಹಾ ಕೊಡುವಾಗ ಜನ ಆಕೆಯ ಸುತ್ತ ಒಂದು ಮಾರು ಜಾಗ ಬಿಟ್ಟು ನಿಂತರು.

ಆ ವಾರ ಕ್ಲಬ್ಬಿನ ಯಾರೂ ಫೋನ್ ಮಾಡಲಿಲ್ಲ. ತರಕಾರಿ ಅಂಗಡಿಯಲ್ಲಿ ಕ್ಲಬ್ಬಿನವರೊಬ್ಬರ ಹೆಂಡತಿ ಆಕೆಯನ್ನು ಕಂಡು ಸೌತೆಕಾಯಿ ಆರಿಸುವುದರಲ್ಲಿ ಮುಳುಗಿಹೋದಳು. ಬಂದೂಕನ್ನೂ ತೋಟಾವನ್ನೂ ಆಕೆ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆದಳು. ಮಧ್ಯಾಹ್ನ ಮೂರೂವರೆಯಾದರೆ ಮನೆ ಬಿಕೋ ಎನ್ನುತ್ತಿತ್ತು. ಮಗಳು ದಿನ ಬಿಟ್ಟು ದಿನ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ, ಇಟ್ಟುಬಿಡುತ್ತಿದ್ದಳು. ಆಕೆಯ ಸಿಟ್ಟಿಗೆ ಈಗ ಹೋಗಲು ಜಾಗವಿರಲಿಲ್ಲ. ಅದು ಮನೆಯೊಳಗೇ ಓಡಾಡುತ್ತ, ಪಾತ್ರೆಗಳನ್ನು ಸದ್ದು ಮಾಡಿ ಇಡಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗೇಟಿನ ಬಳಿ ಒಬ್ಬ ಹೆಂಗಸು ನಿಂತಿದ್ದಳು. ಅರವತ್ತರ ಆಚೀಚೆ, ಕೈಯಲ್ಲಿ ಖಾಲಿ ಬಟ್ಟೆ ಚೀಲ, ಸಂತೆಗೆ ಹೊರಟವಳಂತೆ.

"ನಾನು ಗಡಿಯಾರ ರಿಪೇರಿ ಅಂಗಡಿಯವರ ಮನೆಯೋಳು. ಭಾನುವಾರ ಸಭೇಲಿ ಹಿಂದೆ ಕೂತಿದ್ದೆ," ಅಂದಳು. ಆಮೇಲೆ ಎರಡೂ ಕಡೆ ರಸ್ತೆ ನೋಡಿ, "ನಮ್ಮನೆಯವರು ಅದನ್ನ ಮುಟ್ಟೋಕೆ ಬಿಡಲ್ಲ ಅಕ್ಕ. ಭಾನುವಾರದಿಂದ ಕೇಳ್ತಿದ್ದೀನಿ. ರೇಗ್ತಾರೆ. ನಾನು ಇಲ್ಲಿಗೆ ಬಂದಿದ್ದೂ ಅವರಿಗೆ ಗೊತ್ತಿಲ್ಲ. ನೀವು ಒಂದ್ಸಲ ಬರ್ತೀರಾ?"

ಆಕೆ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟಳು.

ಗಡಿಯಾರದವರು ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕೈಗಡಿಯಾರದ ಹೊಟ್ಟೆಯೊಳಗೆ ಮುಖ ತೂರಿಸಿ ಕೂತಿದ್ದರು. ಬಂದವರು ಯಾರೆಂದು ತಿಳಿದ ಕೂಡಲೇ ಮಸೂರ ಕಿತ್ತರು.

"ಓಹೋ, ನನಗೆ ಪಾಠ ಹೇಳೋಕೆ ಬಂದ್ರಾ? ನಾನು ಮೇಷ್ಟ್ರ ಕೈಲೇ ಕಲಿತೋನು, ತಿಳ್ಕೊಳ್ಳಿ."

"ಗೊತ್ತು. ಹಾಗಾದ್ರೆ ತೆರೆದು ತೋರಿಸೋಕೆ ಒಂದು ನಿಮಿಷ ಸಾಕು ನಿಮಗೆ."

"ತೋರಿಸದಿದ್ರೆ?"

"ಇಲ್ಲೇ ಕೂತಿರ್ತೀನಿ. ನನಗೆ ಮನೇಲೇನೂ ಕೆಲಸ ಇಲ್ಲ," ಎಂದು ಆಕೆ ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಕೂತಳು.

ಗಡಿಯಾರದವರು ಹೆಂಡತಿಯನ್ನು ನೋಡಿದರು. ಅವಳು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು, ಕದಲಲಿಲ್ಲ. ಗೋಡೆಯ ಮೇಲಿನ ಹತ್ತು ಹದಿನೈದು ಗಡಿಯಾರಗಳು ಹತ್ತು ಹದಿನೈದು ಥರ ಸದ್ದು ಮಾಡುತ್ತಿದ್ದವು. ಅವರು ಗೊಣಗುತ್ತ ಎದ್ದು ಮೇಲೆ ಹೋದರು. ಬೀಗ ತೆಗೆದ ಸದ್ದಾಯಿತು. ಬರುವಾಗ ಬಂದೂಕಿನ ಮೂತಿ ಸರಿಯಾಗಿ ನೆಲ ನೋಡುತ್ತಿತ್ತು, ಬೆರಳು ಟ್ರಿಗರಿನಿಂದ ದೂರವಿತ್ತು. ಹೆಬ್ಬೆರಳಿನಿಂದ ತೆರೆಯುವ ಅಗುಳಿಯನ್ನು ಸರಿಸಿ ಮಡಿಸಿದರು. ಎರಡೂ ಖಾಲಿ.

"ಸಮಾಧಾನ ಆಯ್ತಾ?"

"ನನಗೂ ತೋರ್ಸಿ," ಅಂದಳು ಅವರ ಹೆಂಡತಿ.

"ನೋಡಿದ್ಯಲ್ಲ, ಖಾಲಿ!"

"ನನ್ನ ಕೈಗೆ ಕೊಡ್ರೀ."

ನಲವತ್ತು ವರ್ಷದಲ್ಲಿ ಮೊದಲ ಸಲ ಅದು ಅವಳ ಕೈಗೆ ಬಂತು. ಭಾರಕ್ಕೆ ತೋಳು ಒಂದಿಷ್ಟು ಜಗ್ಗಿತು. ನಳಿಕೆಯನ್ನು ರಸ್ತೆಯ ಕಡೆ ತಿರುಗಿಸಲು ಹೋದಾಗ ಮೇಷ್ಟ್ರ ಹೆಂಡತಿ ಮೆಲ್ಲನೆ ಮೊಣಕೈ ಹಿಡಿದು ತಡೆದು, ಮಾಡಿನ ಬೆಳಕಿಂಡಿ ತೋರಿಸಿದಳು. "ಖಾಲಿ ಇದ್ರೂ ಆ ಕಡೆ. ಈಗ ಹಿಂದುಗಡೆಯಿಂದ ಕಣ್ಣಿಡಿ."

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. "ಒಂದರಲ್ಲಿ ಏನೋ ಮಂಜು ಮಂಜು ಕಾಣತ್ತೆ ರೀ. ಜೇಡ ಬಲೆ ಕಟ್ಟಿದೆ."

ಗಡಿಯಾರದವರ ಕಿವಿ ಕೆಂಪಗಾಗಿತ್ತು. ಮೇಲೆ ಹೋಗಿ ಸಲಾಕೆ ತಂದರು, ತುದಿಗೆ ಬಟ್ಟೆ ಸುತ್ತಿದರು. ಹೆಂಡತಿಯ ಕೈಯಲ್ಲಿದ್ದ ಬಂದೂಕನ್ನು ಇಸಿದುಕೊಳ್ಳದೆ, ಅವಳು ಹಿಡಿದಿದ್ದ ಹಾಗೆಯೇ, ಸಲಾಕೆಯನ್ನು ಒಳಗೆ ತೂರಿಸಿ ನಿಧಾನವಾಗಿ ತಳ್ಳಿದರು. ಇನ್ನೊಂದು ತುದಿಯಿಂದ ಬೂದು ಬಣ್ಣದ ಒಂದು ಸಣ್ಣ ಉಂಡೆ ಹೊರಬಿದ್ದು, ಮೇಜಿನ ಮೇಲಿನ ಚಿಕ್ಕ ಚಿಕ್ಕ ತಿರುಪುಗಳ ನಡುವೆ ಉರುಳಿತು.

ಅವಳು ಮತ್ತೆ ಕಣ್ಣಿಟ್ಟಳು. ಕೊಳವೆಯ ಕೊನೆಯಲ್ಲಿ ಕಾಸಗಲದ ಆಕಾಶವಿತ್ತು. ಬಿಳಿ ಮೋಡದ ಅಂಚೊಂದು ಅದರೊಳಗೆ ಬಂದು, ಮೆಲ್ಲಗೆ ದಾಟಿ, ಆಚೆಗೆ ಹೋಗುವ ತನಕ ಅವಳು ಕಣ್ಣು ತೆಗೆಯಲಿಲ್ಲ.